ಹೂಂ ಅನ್ನೋರಿಲ್ಲದ ಪಾರ್ಲಿಮೆಂಟು

ಹೋದ ವಾರ ಕೊಟ್ಟೂರಿನಿಂದ ಹಡಗಲಿ ಕಡೆಗೆ ಬಸ್ಸಿನಲ್ಲಿ ಹೊರಟಿದ್ದೆ. ಇಟ್ಟಿಗಿ ಇನ್ನೇನು ಬಂತು ಅನ್ನುವಾಗ ಟ್ರ್ಯಾಕ್ಟರೊಂದು ರಸ್ತೆಯ ನಟ್ಟನಡುವೆ ಹೊಯ್ದಾಡುತ್ತ, ಬಸ್ಸಿಗೆ ದಾರಿ ಬಿಡದೆ ಸತಾಯಿಸತೊಡಗಿತು. ಟ್ರೇಲರಿನ ತುಂಬ ಕರ್ಲು ಮಣ್ಣು. ಬೆಳಗ್ಗೆ ನಾಕು ಹನಿ ಬಿದ್ದಿತ್ತೇನೋ, ಮಣ್ಣು ನೆನೆದಿತ್ತು. ಕಿಟಕಿಯಿಂದ ಆ ವಾಸನೆ ಒಳಗೆ ನುಗ್ಗಿದ್ದೇ ತಡ, ಪಕ್ಕದಲ್ಲಿದ್ದ ಮುದುಕಪ್ಪ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡ. ನಾನು ಮೂಗು ಹೊರಗೆ ಚಾಚಿದೆ. ಹಸಿ ಮಣ್ಣಿನ ಘಮ ಅಂತ ಕವಿಗಳು ಬರೀತಾರಲ್ಲ, ಈ ಮಣ್ಣಿಗೂ ಆ ಘಮಕ್ಕೂ ಸಂಬಂಧವಿಲ್ಲ. ಬಟ್ಟೆ ಒಗೆಯುವ ಸೋಡಾವನ್ನು ಉಪ್ಪಿನ ಮಡಕೆಯಲ್ಲಿ ಕಲಸಿಟ್ಟ ಹಾಗೆ ಒಂದು ಚುರುಕು ವಾಸನೆ.

ಕರ್ಲು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಡೆಯ ಹಳೇ ಮನೆಗಳಿಗೆ ಹೆಂಚಿಲ್ಲ, ಮಾಳಿಗೆ. ಕಲ್ಲಿನ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಬಂದರಿಕೆ ಸೊಪ್ಪು, ಎಲ್ಲದರ ಮೇಲೆ ಮೊಣಕಾಲುದ್ದ ಮಣ್ಣು. ಮಳೆಗೆ ಮುಂಚೆ ಆ ಮಣ್ಣಿನ ಮೇಲೆ ಈ ಕರ್ಲನ್ನು, ಅಂದರೆ ಉಪ್ಪುಪ್ಪಾದ ಸವಳು ಮಣ್ಣನ್ನು, ಹರಡಿ, ನೀರು ಚಿಮುಕಿಸಿ, ಮನೆಮಂದಿಯೆಲ್ಲ ಸಾಲಾಗಿ ನಿಂತು ತುಳಿದರೆ ನೀರು ಕೆಳಗಿಳಿಯುವುದಿಲ್ಲ. ತೊಲೆಗೆ ಗೆದ್ದಲು ಹತ್ತದಿದ್ದರೆ ಮಾಳಿಗೆಯಂಥ ತಂಪು ಇನ್ನೊಂದಿಲ್ಲ. ಹತ್ತಿದರೆ, ಅಷ್ಟು ಮಣ್ಣೂ ಒಂದು ದಿನ ಮನೆಯೊಳಗೇ ಬಂದು ಕೂರುತ್ತದೆ.

ಆ ವಾಸನೆಗೆ ಬೇರೆಯವರಿಗೆ ತವರುಮನೆ ನೆನಪಾಗಬಹುದು. ನನಗೆ ನೆನಪಾಗಿದ್ದು ದಿಲ್ಲಿಯ ಪಾರ್ಲಿಮೆಂಟು.

ನಗಬೇಡ್ರಿ. ಅಥವಾ ನಗ್ರಿ, ನನ್ನ ಕಸುಬೇ ಅದು. ನಾನು ಕೊಟ್ಟೂರಿನ ಕೊಟ್ರೇಶ. ಕೊಟ್ಟೂರಿನಲ್ಲಿ ಒಂದು ಕಲ್ಲೆಸೆದರೆ ನಾಲ್ಕು ಕೊಟ್ರೇಶಗಳಿಗೆ ತಾಗುತ್ತದೆ, ಹಾಗಾಗಿ ಜನ ನನ್ನನ್ನು ಗಿಣಿ ಅನ್ನುತ್ತಾರೆ. ಯಾರ ದನಿಯನ್ನು ಕೇಳಿದರೂ ತಿರುಗಿಸಿ ಒಪ್ಪಿಸುತ್ತೇನೆ. ಕಾಲೇಜಿನ ಪ್ರಿನ್ಸಿಪಾಲರ ಕೆಮ್ಮು, ಎಮ್ಮೆ ಹೊಡೆಯುವ ನಮ್ಮವ್ವನ ಬೈಗುಳ, ಕೂಡ್ಲಿಗಿ ಬಸ್ಸಿನ ಕಂಡಕ್ಟರನ "ರೈಟ್ ರೈಟ್", ಹರಪನಹಳ್ಳಿಯವರ ದಾವಣಗೆರೆ ಧಾಟಿ, ಯಾವುದನ್ನೂ ಬಿಟ್ಟಿಲ್ಲ. ನನ್ನದೇ ದನಿ ಯಾವುದು ಅಂತ ಒಮ್ಮೆ ಗೆಳೆಯನೊಬ್ಬ ಕೇಳಿದಾಗ ಒಂದು ದಿನ ಟೈಮ್ ಕೇಳಿದ್ದೆ. ಇನ್ನೂ ಹೇಳಿಲ್ಲ.

ಇದು ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲದ ಕತೆ. ಆಗ ನಾನು ಬಿ.ಎ. ಎಂಬ ಪದವಿಯನ್ನು ಕಂತುಗಳಲ್ಲಿ ಮುಗಿಸುತ್ತಿದ್ದೆ. ಹೊಸದಾಗಿ ಚುನಾವಣೆ ಮುಗಿದು, ನಮ್ಮ ಕಡೆಯವರೇ ಒಬ್ಬರು ಎಂಪಿಯಾಗಿ ದಿಲ್ಲಿಗೆ ಹೋಗಿದ್ದರು. ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಪಾರ್ಟಿ ಕೇಳುತ್ತೀರಿ, ಪಾರ್ಟಿ ಹೇಳಿದರೆ ಜಾತಿ ಕೇಳುತ್ತೀರಿ, ಅಷ್ಟರಲ್ಲಿ ಕತೆ ಹಡಗಲಿ ದಾಟಿ ಹೋಗಿರುತ್ತದೆ. ನಾವು ಸಾಹೇಬ್ರು ಅನ್ನುತ್ತಿದ್ದೆವು. ಎತ್ತರದ ತೆಳ್ಳನೆ ಆಳು, ಕೊಟ್ಟೂರಿನಲ್ಲಿ ಒಂದು ಶೇಂಗಾ ಎಣ್ಣೆ ಮಿಲ್ಲು, ಸುತ್ತಿನ ಹಳ್ಳಿಗಳಲ್ಲಿ ಪಂಚಾಯ್ತಿ ಹೇಳುವುದಕ್ಕೆ ಹೆಸರುವಾಸಿ. ಅಣ್ಣತಮ್ಮಂದಿರ ಹೊಲದ ಜಗಳವಿರಲಿ, ಗಂಡ ಹೆಂಡಿರ ಮುನಿಸಿರಲಿ, ಸಾಹೇಬ್ರು ಕಟ್ಟೆ ಮೇಲೆ ಕೂತು ಒಂದು ಮಾತು ಹೇಳಿ, ಕನ್ನಡಕ ಸರಿಮಾಡಿಕೊಂಡು ನಿಲ್ಲಿಸಿದರೆ, ಕೂತವರೆಲ್ಲ "ಹೂಂ" ಅನ್ನಬೇಕು. ಹೂಂ ಬಂದ ಮೇಲೆಯೇ ಮುಂದಿನ ಮಾತು.

ಇದು ಅವರೊಬ್ಬರ ಚಾಳಿಯಲ್ಲ. ನಮ್ಮಲ್ಲಿ ಅಜ್ಜಿ ಕತೆ ಹೇಳಿದರೂ ಹೂಂಗುಟ್ಟುವವರು ಬೇಕು. ಹೂಂ ಅನ್ನದಿದ್ದರೆ ಕೇಳುವವನು ಮಲಗಿದ ಅಂತ ಲೆಕ್ಕ, ಕತೆ ಬಂದ್.

ಸಾಹೇಬ್ರು ಇದೇ ಅಭ್ಯಾಸವನ್ನು ಕಟ್ಟಿಕೊಂಡು ಪಾರ್ಲಿಮೆಂಟಿಗೆ ಹೋದರು. ಮೊದಲ ಸಲ ಮಾತಾಡಲು ಎದ್ದು ನಿಂತರು. ಕನ್ನಡದಲ್ಲಿ ಮಾತಾಡುತ್ತೇನೆ ಅಂತ ಮುಂಚೆಯೇ ಹೇಳಿದ್ದರಿಂದ, ಅದನ್ನು ಇಂಗ್ಲಿಷಿಗೂ ಹಿಂದಿಗೂ ತಿರುಗಿಸುವವರು ಗಾಜಿನ ಗೂಡಿನಲ್ಲಿ ತಯಾರಾಗಿ ಕೂತಿದ್ದರು. ಸಾಹೇಬ್ರು "ಅಧ್ಯಕ್ಷ್ರೇ, ನಮ್ಮ ಕಡೆ ಬಡವರ ಮನಿ ಅಂದ್ರ ಹೆಂಗಿರ್ತಾವು ಅಂತ ನಿಮಗ ಹೇಳ್ತೀನಿ" ಅಂದರು. ಕನ್ನಡಕ ಸರಿಮಾಡಿಕೊಂಡರು. ನಿಂತರು. ಇಡೀ ಸಭೆಯಲ್ಲಿ ಒಬ್ಬನಾದರೂ ಹೂಂ ಅನ್ನಬೇಕೋ ಬೇಡವೋ? ಅನ್ನಲಿಲ್ಲ. ಸಾಹೇಬ್ರು ಕಾದರು. ಅಧ್ಯಕ್ಷರೂ ಕಾದರು. ಕೊನೆಗೆ ಇವರ ಮಾತು ಮುಗಿಯಿತು ಅಂದುಕೊಂಡು, ಧನ್ಯವಾದ ಹೇಳಿ ಮುಂದಿನವರ ಹೆಸರು ಕರೆದುಬಿಟ್ಟರು.

ಈ ಸುದ್ದಿ ಕೊಟ್ಟೂರಿಗೆ ತಂದವನು ಸಾಹೇಬರ ಡ್ರೈವರ್ ರಾಜಾಸಾಬ. ಅವನು ಆ ದಿನ ಮೇಲಿನ ಗ್ಯಾಲರಿಯಲ್ಲಿ ಕೂತು ಎಲ್ಲ ನೋಡಿದ್ದ. ಚಾದಂಗಡಿಯಲ್ಲಿ ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. "ನಾನಾರ ಹೂಂ ಅಂತಿದ್ದೆ ಗಿಣಿ, ಅಲ್ಲಿ ಕೆಮ್ಮಿದ್ರೂ ಹೊರಗ ಹಾಕ್ತಾರಂತ" ಅಂದ. ಅವನು ಅತ್ತುಕೊಂಡು ಹೇಳಿದ್ದನ್ನು ನಾನು ವಾರದೊಳಗೆ ಐಟಂ ಮಾಡಿದೆ. ಎದ್ದು ನಿಲ್ಲುವುದು, ಒಂದು ಮಾತು, ಕನ್ನಡಕ, ಕಾಯುವುದು, ಕತ್ತು ಆಚೀಚೆ ಹೊರಳಿಸುವುದು, ಕಾಯುವುದು, ಕೂರುವುದು. ಒಂದೇ ಸಾಲಿನ ಪಾತ್ರ, ಉಳಿದದ್ದೆಲ್ಲ ಮೌನ. ಜನ ಬಿದ್ದು ಬಿದ್ದು ನಕ್ಕರು. ಕೂಡ್ಲಿಗಿಯಲ್ಲಿ ಮಾಡಿದೆ, ಹಗರಿಬೊಮ್ಮನಹಳ್ಳಿ ಸಂತೆಯಲ್ಲಿ ಮಾಡಿದೆ, ಹರಪನಹಳ್ಳಿಯಲ್ಲಿ ಒಂದು ಮದುವೆಯಲ್ಲಿ ಮಾಡಿದರೆ ಮದುಮಗ ಬಾಸಿಂಗ ಉದುರುವಷ್ಟು ನಕ್ಕ.

ಆಮೇಲೊಂದು ದಿನ ಕಾನಹೊಸಹಳ್ಳಿಯ ಹೈವೇ ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂತಿದ್ದೆ. ಲಾರಿಯವರು ನಾಕು ಮಂದಿ "ಲೇ ಗಿಣಿ, ಎಂಪೀನ ಮಾಡಲೇ" ಅಂದರು. ಕರೆದರೆ ಬರದೇ ಇರುವಷ್ಟು ಮರ್ಯಾದೆ ನನಗೆಲ್ಲಿ? ಬೆಂಚಿನ ಮೇಲೆ ಹತ್ತಿ ನಿಂತೆ. "ಅಧ್ಯಕ್ಷ್ರೇ, ನಮ್ಮ ಕಡೆ ಬಡವರ ಮನಿ ಅಂದ್ರ ಹೆಂಗಿರ್ತಾವು ಅಂತ ನಿಮಗ ಹೇಳ್ತೀನಿ." ಇಲ್ಲದ ಕನ್ನಡಕ ಸರಿಮಾಡಿಕೊಂಡೆ. ನಿಂತೆ. ಲಾರಿಯವರು ನಗುವುದಕ್ಕೆ ಬಾಯಿ ತೆಗೆದರು.

ನನ್ನ ಬೆನ್ನ ಹಿಂದಿನಿಂದ ಒಂದು ದನಿ ಬಂತು. "ಹೂಂ."

ತಿರುಗಿ ನೋಡಿದೆ. ಸಾಹೇಬ್ರು. ಕೈಯಲ್ಲಿ ಚಾ ಲೋಟ. ಪಕ್ಕದಲ್ಲಿ ರಾಜಾಸಾಬ, ನೆಲ ಬಿರಿದರೆ ಇಳಿದು ಹೋಗುವವನ ಹಾಗೆ ನಿಂತಿದ್ದ.

"ಹೂಂ ಅಂದ್ನಲ್ಲಪಾ, ಮುಂದ ಹೇಳು" ಅಂದರು ಸಾಹೇಬ್ರು.

"ಮುಂದ... ಇಲ್ರೀ ಸಾಹೇಬ್ರ. ಇಷ್ಟ ಐತ್ರಿ."

"ನಾನು ಮುಂದ ಏನು ಹೇಳೋನಿದ್ದೆ ಅಂತ ಗೊತ್ತಿಲ್ಲ ನಿನಗ?"

"ಇಲ್ರಿ."

"ಅರ್ಧ ಮನಷ್ಯಾನ್ನ ನಕಲಿ ಮಾಡ್ಕೊಂತ ತಿರಗತೀಯಲ್ಲಲೇ. ಉಳಿದರ್ಧ ನೋಡ್ಬೇಕೋ ಬ್ಯಾಡೋ? ಕಾರು ಹತ್ತು."

ಹೊಡೆಸುತ್ತಾರೆ ಅಂದುಕೊಂಡೆ. ಕಾರಿನಲ್ಲಿ ಹಿಂದೆ ಕೂತು, ಏಟು ಬಿದ್ದಾಗ ಯಾರ ದನಿಯಲ್ಲಿ ಅಳಬೇಕು ಅಂತ ಯೋಚಿಸುತ್ತಿದ್ದೆ. ಅಂಬಾಸಿಡರ್ ಕೊಟ್ಟೂರಿನಲ್ಲಿ ನಿಲ್ಲಲಿಲ್ಲ. ನೇರ ಇಟ್ಟಿಗಿಗೆ ಹೋಗಿ ಒಂದು ಓಣಿಯಲ್ಲಿ ನಿಂತಿತು.

ಅದು ಹನುಮಕ್ಕನ ಮನೆ. ಹನುಮಕ್ಕ ಕೂಲಿ ಮಾಡುವ ಹೆಂಗಸು, ಐವತ್ತರ ಆಜುಬಾಜು, ನಾಲಿಗೆ ಕುಡುಗೋಲು. ಮನೆಗೆ ಮೊಳದಗಲದ ಕಲ್ಲಿನ ಗೋಡೆ. ಒಳಗೆ ಹೋದರೆ ಅರ್ಧ ಮನೆಗೆ ಮಾತ್ರ ಮಾಳಿಗೆ ಇತ್ತು. ಉಳಿದರ್ಧ ಮೊದಲ ಮಳೆಗೇ ಕುಸಿದು, ಅಡುಗೆಯ ಜಾಗದಲ್ಲಿ ಮಣ್ಣಿನ ಗುಡ್ಡೆ, ಅದರೊಳಗಿಂದ ಮುರಿದ ತೊಲೆಯೊಂದು ಮೊಸಳೆಯ ಹಾಗೆ ಬಾಯಿ ತೆರೆದು ಕೂತಿತ್ತು. ಮೇಲೆ ಬಯಲು ಆಕಾಶ. ಮನೆ ತುಂಬ ಅದೇ ವಾಸನೆ, ನೆನೆದ ಕರ್ಲಿನದು.

"ಸರ್ಕಾರಿ ಮನಿ ಕೊಡ್ರಿ ಅಂದ್ರ ಆಫೀಸರ್ರು ಬಂದು ನೋಡ್ಯಾರ" ಅಂದಳು ಹನುಮಕ್ಕ. "ಈ ಮಣ್ಣು ದಾಟ್ಕೊಂಡು ಹೋಗಿ ಗ್ವಾಡಿ ತಟ್ಯಾರ. ಕಲ್ಲಿನ ಗ್ವಾಡಿ, ಪಕ್ಕಾ ಮನಿ, ನಿನಗ ಬರಂಗಿಲ್ಲ ಅಂದು ಹೋಗ್ಯಾರ. ಸೋಗೆ ಗುಡಿಸಲಾಗಿದ್ರ ಕೊಡ್ತಿದ್ರಂತ. ಕಲ್ಲಿನ ಗ್ವಾಡಿ ಐತಿ, ಅದ್ಕ ನಾನು ಸಾವ್ಕಾರ್ತಿ. ಬರ್ರಿ ಸಾವ್ಕಾರ್ತಿ ಮನಿಗೆ, ಚಾ ಮಾಡ್ತೀನಿ. ಒಲಿ ಮಣ್ಣಾಗ ಐತಿ, ಸ್ವಲ್ಪ ತಡ ಆಗ್ತೈತಿ."

ಸಾಹೇಬ್ರು ಮುರಿದ ತೊಲೆಯ ಮೇಲೆ ಕೈಯಿಟ್ಟರು. ಆಮೇಲೆ ನನಗೆ ಹೇಳಿದರು: "ನಮ್ಮ ಐದೂ ತಾಲೂಕಿನಾಗ ಓಣಿಗೆ ಇಂಥವು ನಾಕು ಅದಾವು. ನಮ್ಮಲ್ಲಿ ಕಲ್ಲು ಬಿಟ್ಟಿ ಸಿಗ್ತೈತಿ ಅನ್ನೋದು ದಿಲ್ಲಿಗೆ ಗೊತ್ತಿಲ್ಲ. ನಾನು ಹೇಳ್ತೀನವ್ವಾ ಅಂತ ಈಕಿಗೆ ಮಾತು ಕೊಟ್ಟಿದ್ದೆ. ಎದ್ದು ನಿಂತು ಒಂದು ಮಾತಾಡಿ ಕುಂತು ಬಂದೆ. ಮಂದಿ ನಗ್ತಾರ, ನಗ್ಲಿ. ಈಕಿ ಮಾಳಿಗಿ ಮಾತು ನನ್ನ ಬಾಯಾಗ ಉಳಕೊಂಡೈತಲ್ಲ, ಅದಕ್ಕೇನು ಮಾಡ್ಲಿ?"

ಆ ವರ್ಷ ಚುನಾವಣೆಯಿಂದಾಗಿ ಬಜೆಟ್ಟು ಮಳೆಗಾಲಕ್ಕೆ ಬಿದ್ದಿತ್ತು. ಮನೆ ಕಟ್ಟಿಸುವ ಬಾಬತ್ತಿನ ಮೇಲೆ ಚರ್ಚೆ ಇನ್ನೂ ಬರುವುದಿತ್ತು, ಸಾಹೇಬರಿಗೆ ಇನ್ನೊಂದು ಅವಕಾಶವಿತ್ತು. ಅದೂ ತಪ್ಪಿದರೆ ಮುಂದಿನ ವರ್ಷದ ಮಾತು. ಅಷ್ಟರಲ್ಲಿ ಹನುಮಕ್ಕನ ಉಳಿದರ್ಧ ಮಾಳಿಗೆ ಕಾಯುತ್ತದೆ ಅಂತ ಯಾರು ಜಾಮೀನು?

"ನೀನು ನನಗೊಂದು ಕೆಲಸ ಮಾಡ್ಬೇಕು" ಅಂದರು. "ನನ್ನ ನಕಲಿ ಮಾಡಿದ್ದು ಸಾಕು. ಪಾರ್ಲಿಮೆಂಟಿಂದು ಮಾಡು. ಹೂಂ ಅನ್ನದ ಮಂದೀನ್ನ ಮಾಡು. ಅವರ ಮುಂದ ನಾನು ಮಾತಾಡೋದು ಕಲೀಬೇಕು."

ಹೀಗೆ ನಾನು, ಬಿ.ಎ. ಫೇಲು, ಆ ಮಳೆಗಾಲದ ಒಂದು ತಿಂಗಳು ಭಾರತದ ಸಂಸತ್ತಾದೆ.

ಜಾಗ, ಸಾಹೇಬರ ಎಣ್ಣೆ ಮಿಲ್ಲು. ಶೇಂಗಾ ಹಂಗಾಮು ಇರಲಿಲ್ಲ, ಮಿಲ್ಲು ಬಂದಾಗಿತ್ತು. ಹೊಟ್ಟು ತುಂಬಿದ ಚೀಲಗಳನ್ನು ಅರ್ಧಚಂದ್ರಾಕಾರ ಜೋಡಿಸಿದೆವು. ಈ ಕಡೆ ಆಡಳಿತ ಪಕ್ಷ, ಆ ಕಡೆ ವಿರೋಧ ಪಕ್ಷ, ನಡುವೆ ಯಾವ ಕಡೆಗೂ ವಾಲಬಹುದಾದ ಬಾಯಿ ಬಿಚ್ಚಿದ ನಾಕು ಚೀಲ. ಎದುರಿಗೆ ಎಣ್ಣೆ ಡಬ್ಬದ ಮೇಲೆ ನಾನು ಅಧ್ಯಕ್ಷ, ಕೈಯಲ್ಲಿ ಎತ್ತಿನ ಕೊರಳ ಗಂಟೆ. ಚಾದಂಗಡಿಯ ಟೀವಿಯಲ್ಲಿ ಪ್ರಶ್ನೋತ್ತರ ನೋಡಿ ನೋಡಿ ದನಿಗಳನ್ನು ಹಿಡಿದೆ. "ಪ್ಲೀಸ್ ಕನ್‌ಕ್ಲೂಡ್" ಅನ್ನುವ ಮೂಗಿನ ದನಿ, "ಬೈಠಿಯೇ ಬೈಠಿಯೇ" ಅನ್ನುವ ಗದರಿಕೆ, ಹಿಂದಿನ ಬೆಂಚಿನಿಂದ ಚುಚ್ಚುವವನು, ಪಕ್ಕದವನ ಜತೆ ಪಿಸುಗುಡುವವನು, ಗೊರಕೆ ಹೊಡೆಯುವವನು. ಗೊರಕೆ ಮಾತ್ರ ನಮ್ಮಪ್ಪನದು, ಅಷ್ಟು ಒಳ್ಳೆಯದು ಟೀವಿಯಲ್ಲಿ ಸಿಗಲಿಲ್ಲ.

ತೊಂದರೆಯಾಗಿದ್ದು ರಾಜಾಸಾಬನಿಂದ. ಸಾಹೇಬ್ರು ಒಂದು ಮಾತು ಹೇಳಿ ಕನ್ನಡಕ ಮುಟ್ಟಿದರೆ ಸಾಕು, ಇಷ್ಟು ವರ್ಷದ ರೂಢಿ, ಅವನ ಬಾಯಿಂದ "ಹೂಂರೀ" ಅಂತ ಬಂದುಬಿಡುತ್ತಿತ್ತು.

"ಲೇ ರಾಜಾ, ನೀನು ಪಾರ್ಲಿಮೆಂಟಲೇ, ಸುಮ್ಕಿರು!"

"ಹೂಂರೀ."

ಕೊನೆಗೆ ಉಪಾಯ ಮಾಡಿದೆವು. ಮಾತು ಶುರುವಾಗುವ ಮೊದಲು ಅವನ ಬಾಯಿ ತುಂಬ ಮಂಡಕ್ಕಿ ತುಂಬುವುದು. ಮಂಡಕ್ಕಿ ಬಾಯಲ್ಲಿದ್ದಾಗ ಹೂಂ ಅಂದರೆ ಹೊರಗೆ ಬರುವುದು ಮಂಡಕ್ಕಿ ಮಾತ್ರ. ಆ ತಿಂಗಳು ರಾಜಾಸಾಬ ದಪ್ಪಗಾದ.

ಅವನು ಸುಮ್ಮನಾದರೂ ಸಾಹೇಬ್ರು ನಿಲ್ಲುವುದನ್ನು ಬಿಡಲಿಲ್ಲ. ಒಂದು ಮಾತು, ಕನ್ನಡಕ, ಮೌನ. ನಾನು ಕಟುಕನ ಹಾಗೆ ಗಂಟೆ ಬಾರಿಸಿ "ಧನ್ಯವಾದ, ನೆಕ್ಸ್ಟ್" ಅನ್ನುತ್ತಿದ್ದೆ. ಹನುಮಕ್ಕನ ಮಾಳಿಗೆ ದಿನಾ ಸಂಸತ್ತಿಗೆ ಮುಟ್ಟದೇ ಉಳಿಯುತ್ತಿತ್ತು. ಕನ್ನಡಕ ಕಿತ್ತುಕೊಂಡೆ, ಮೂಗು ಮುಟ್ಟಿಕೊಂಡು ನಿಂತರು. ಕೈ ಹಿಂದೆ ಕಟ್ಟಿಸಿದೆ, ಗಂಟಲು ಸರಿಮಾಡಿಕೊಂಡು ನಿಂತರು.

"ಸಾಹೇಬ್ರ, ಬರದದ್ದು ಓದಿಬಿಡ್ರಿ" ಅಂದೆ ಒಂದು ದಿನ ಬೇಸತ್ತು.

"ಓದಿದ್ರ ಹಾಳಿ ಮಾತಾಡ್ತೈತಿ, ನಾನಲ್ಲ" ಅಂದರು. "ಹೂಂ ಅನ್ನಿಸ್ಕೊಳ್ಳೋದು ಬರೇ ಚಟ ಅಂತ ತಿಳದೀಯೇನಲೇ? ಎದುರಿನವನಿಗೆ ಮುಟ್ಟೇತೋ ಇಲ್ಲೋ ಅಂತ ನೋಡ್ಕೊಳ್ಳೋದು. ಮುಟ್ಟದ ಮಾತು ಎಷ್ಟು ಹೇಳಿದ್ರೇನು? ಹೊಟ್ಟಿನ ಚೀಲಕ್ಕೆ ಹೇಳ್ದಂಗ."

"ಚೀಲಕ್ಕ ಹೇಳಾಕತ್ತೀರಿ ಈಗ."

"ಅದ್ಕ ಬರವಲ್ದು!"

ಹಾಗೆಂದು ಎದ್ದು ಬಂದು, ನನ್ನ ಡಬ್ಬದ ಮೇಲೆ ಅವರೇ ಕೂತು, ಗಂಟೆ ಎತ್ತಿಕೊಂಡು, ಒಂದು ಹುಬ್ಬು ಮೇಲೆ ಮಾಡಿ, ಗದ್ದ ಮುಂದೆ ಚಾಚಿ "ಪ್ಲೀಸ್ ಕನ್‌ಕ್ಲೂಡ್" ಅಂದರು. ಯಾರದು ಈ ಮಂಗನ ಮೋರೆ ಅಂತ ನಾನು ಯೋಚಿಸುತ್ತಿರುವಾಗಲೇ ರಾಜಾಸಾಬನ ಬಾಯಿಂದ ಮಂಡಕ್ಕಿ ಮಿಲ್ಲಿನ ಗೋಡೆಗೆ ಹಾರಿತು. ನಕ್ಕು ನಕ್ಕು ಅವನು ಚೀಲಗಳ ಮೇಲೆ ಉರುಳಿ ಆಡಳಿತ ಪಕ್ಷವನ್ನೇ ಕೆಡವಿದ. ಆಗ ಗೊತ್ತಾಯಿತು, ಅದು ನಾನು. ಇಡೀ ತಾಲೂಕನ್ನು ನಕಲಿ ಮಾಡಿದ ನನ್ನನ್ನು ನಕಲಿ ಮಾಡಿದ ಮೊದಲ ಮನುಷ್ಯ ನಮ್ಮ ಎಂಪಿ. ಚೆನ್ನಾಗಿಯೇ ಮಾಡಿದರು, ಏನು ಮಾಡುವುದು.

ಆಷಾಢದ ಗಾಳಿ ಬೀಸುವಾಗ ಮೂವರೂ ಗುಂತಕಲ್ಲಿಗೆ ಹೋಗಿ ದಿಲ್ಲಿ ರೈಲು ಹತ್ತಿದೆವು. ಅಭ್ಯಾಸ ಎಷ್ಟಾಗಿತ್ತು ಅಂದರೆ, ಸಾಹೇಬ್ರು ಈಗ ನಾಕೈದು ಮಾತು ನಿಲ್ಲದೆ ಆಡಬಲ್ಲವರಾಗಿದ್ದರು. ಆಮೇಲೆ ಹಳೇ ಚಾಳಿ. ಅಷ್ಟರಲ್ಲಿ ಮಾಳಿಗೆ ಮುಟ್ಟಿದರೆ ಗೆದ್ದೆವು.

ಪಾರ್ಲಿಮೆಂಟಿನ ಬಾಗಿಲಲ್ಲಿ ನನ್ನ ಬಾಚಣಿಗೆ, ಪೆನ್ನು, ರಾಜಾಸಾಬನ ಮಂಡಕ್ಕಿ ಪೊಟ್ಟಣ ಎಲ್ಲ ಇಸಿದುಕೊಂಡರು. "ಅಲ್ಲಲೇ ಗಿಣಿ, ಅದಿಲ್ದ ನಾನು ಹೆಂಗ ಸುಮ್ಕಿರ್ಲಿ?" ಅಂತ ರಾಜಾಸಾಬ ಕಂಗಾಲಾದ. ಗ್ಯಾಲರಿಯಲ್ಲಿ ಕೂತೆವು. ಕಾಲ ಮೇಲೆ ಕಾಲು ಹಾಕಿದರೆ ಕಾವಲಿನವನು ಕಣ್ಣಲ್ಲೇ ಬಡಿಯುತ್ತಿದ್ದ. ಕೆಳಗೆ ನೋಡಿದೆ. ಊಟದ ಹೊತ್ತು ಮುಗಿದಿತ್ತು, ಅರ್ಧಕ್ಕರ್ಧ ಬೆಂಚು ಖಾಲಿ. ನಮ್ಮ ಹೊಟ್ಟಿನ ಚೀಲಗಳೇ ಮೇಲು, ಅವು ಎದ್ದು ಹೋಗುತ್ತಿರಲಿಲ್ಲ.

ಸಾಹೇಬರ ಹೆಸರು ಕರೆದರು. ಎದ್ದು ನಿಂತರು. ಮೇಲಿನಿಂದ ಎಷ್ಟು ಸಣ್ಣಗೆ ಕಂಡರು ಅಂದರೆ, ಇವರನ್ನು ನಕಲಿ ಮಾಡಿ ಇನ್ನೂ ಸಣ್ಣದು ಮಾಡುವ ಕೆಲಸ ನನಗೇನಿತ್ತು ಅನ್ನಿಸಿತು.

"ಅಧ್ಯಕ್ಷ್ರೇ, ನಮ್ಮ ಕಡೆ ಕಲ್ಲು ಬಿಟ್ಟಿ ಸಿಗ್ತೈತಿ. ಹೊಲ ಹಸನು ಮಾಡಿದ್ರ ಕಲ್ಲು, ಬಾವಿ ತೋಡಿದ್ರ ಕಲ್ಲು. ಅದ್ಕ ಬಡವನ ಮನಿ ಗ್ವಾಡಿನೂ ಕಲ್ಲಿಂದ ಇರತೈತಿ. ನಿಮ್ಮ ಕಾಯಿದೆ ಗ್ವಾಡಿ ನೋಡಿ ಇವ ಸಾವ್ಕಾರ ಅಂತೈತಿ. ತಲಿ ಎತ್ತಿ ಮ್ಯಾಲ ನೋಡಂಗಿಲ್ಲ. ಮ್ಯಾಲ ಇರೋದು ಮಣ್ಣು."

ನಿಲ್ಲಲಿಲ್ಲ! ನಾನೂ ರಾಜಾಸಾಬನೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು.

"ಇಟ್ಟಿಗಿ ಅಂತ ಒಂದು ಊರು. ಅಲ್ಲಿ ಹನುಮಕ್ಕ ಅಂತ ಒಬ್ಬಾಕಿ. ಹೊರಗ ಜಿಟಿಜಿಟಿ ಮಳಿ. ಆಕಿ ಒಲಿ ಮುಂದ ಕುಂತು ರೊಟ್ಟಿ ಬಡೀಲಿಕತ್ತಾಳ."

ಅಲ್ಲಿ ಕೆಟ್ಟಿತು. ಅಭ್ಯಾಸವೆಲ್ಲ ಮರೆತು ಅವರು ದಿಲ್ಲಿಯಿಂದ ಎದ್ದು ಇಟ್ಟಿಗಿಗೆ ಹೋಗಿಬಿಟ್ಟಿದ್ದರು. ಕೈ ಕನ್ನಡಕಕ್ಕೆ ಹೋಯಿತು. ನಿಂತರು.

ಸಭೆ ಸುಮ್ಮನಿತ್ತು. ಅಧ್ಯಕ್ಷರು ತಲೆಯೆತ್ತಿ ನೋಡಿದರು, ಕೈ ಗಂಟೆಯ ಕಡೆಗೆ ಸರಿಯಿತು. ರಾಜಾಸಾಬ ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದಿದ್ದ, ಅವನ ಕೆನ್ನೆ ಅದುರುತ್ತಿತ್ತು. ನನ್ನ ಗಂಟಲಿನ ತನಕ ಒಂದು ಹೂಂ ಬಂದು ನಿಂತಿತ್ತು. ಜೀವನದಲ್ಲಿ ಯಾರ್ಯಾರದೋ ದನಿ ತೆಗೆದವನಿಗೆ ನನ್ನದೇ ಒಂದು ಹೂಂ ಅನ್ನಲು ಆಗಲಿಲ್ಲ. ಹೂಂ ಅಂದರೆ ನಮ್ಮನ್ನು ಹೊರಗೆ ಹಾಕುತ್ತಾರೆ, ಸಾಹೇಬರ ಮಾತೂ ಗದ್ದಲದಲ್ಲಿ ಮುಳುಗುತ್ತದೆ.

ಸಾಹೇಬ್ರು ಆಚೆ ನೋಡಿದರು, ಈಚೆ ನೋಡಿದರು. ಆಮೇಲೆ ತಾವೇ ತಲೆ ಆಡಿಸಿ, ಮೈಕಿನಲ್ಲಿ, ಮೆಲ್ಲಗೆ, "ಹೂಂ" ಅಂದುಕೊಂಡರು.

ಅಂದು ಮುಂದಕ್ಕೆ ಹೋದರು!

"ಮ್ಯಾಲ ಜಂತಿ ಲಟ್ ಅಂತು."

ಮತ್ತೆ ನಿಂತರು. ಈ ಸಲ ಅವರು ತಮಗೆ ತಾವೇ ಅನ್ನುವುದರೊಳಗೆ ಆಚೆ ಬದಿಯಿಂದ, ವಿರೋಧಿಗಳ ಬೆಂಚಿನಿಂದ, ಒಂದು ದಪ್ಪ ದನಿ ಬಂತು. "ಹೂಂ."

ದೊಡ್ಡ ರುಮಾಲಿನ ಮುದುಕರೊಬ್ಬರು. ಮರಳುಗಾಡಿನ ಕಡೆಯವರಂತೆ, ಆಮೇಲೆ ತಿಳಿಯಿತು. ಕಿವಿಗೆ ತರ್ಜುಮೆಯ ಯಂತ್ರ ಒತ್ತಿಕೊಂಡು ಮುಂದಕ್ಕೆ ಬಾಗಿ ಕೂತಿದ್ದರು. ಅವರ ಕಡೆಯೂ ಕತೆಗೆ ಹೂಂಗುಟ್ಟುವವರು ಬೇಕಂತೆ. ನಮ್ಮೂರಿನ ಚಾಳಿ ನಮ್ಮೊಬ್ಬರದೇ ಅಂತ ನಾವು ಅಂದುಕೊಂಡಿದ್ದೆವು, ಅಷ್ಟೆ.

ಸಾಹೇಬರ ಮುಖ ನೋಡಬೇಕಿತ್ತು ನೀವು. ಹೊಲಕ್ಕೆ ನೀರು ಹರಿದ ಹಾಗೆ.

"ಆಕಿ ರೊಟ್ಟಿ ಹಂಚಿನ ಮ್ಯಾಲೆ ಬಿಟ್ಟು ಹೊರಗ ಓಡಿದ್ಲು."

"ಹೂಂ."

"ರೊಟ್ಟಿ ಮ್ಯಾಲ ಮಾಳಿಗಿ ಬಿತ್ತು."

ಈ ಸಲ ಇನ್ನೂ ಎರಡು ದನಿ ಕೂಡಿದವು.

"ಆಫೀಸರ್ರು ಬಂದ್ರು. ಬಿದ್ದ ಮಾಳಿಗಿ ದಾಟಿ ಹೋಗಿ ಗ್ವಾಡಿ ತಟ್ಟಿ ನೋಡಿದ್ರು. ಗಟ್ಟಿ ಐತಿ ಅಂದ್ರು."

ಕಿವಿಯ ಯಂತ್ರದಲ್ಲಿ ತರ್ಜುಮೆ ಬರುವಷ್ಟು ಹೊತ್ತು ತಡೆದು, ಸಭೆ ನಕ್ಕಿತು. ಆ ನಗು ನಾನು ಕಾನಹೊಸಹಳ್ಳಿಯಲ್ಲಿ ಗಳಿಸಿದಂಥದ್ದಲ್ಲ. ಮಾತಾಡಿದವರನ್ನು ನೋಡಿ ಯಾರೂ ನಗುತ್ತಿರಲಿಲ್ಲ. ಪಿಸುಗುಡುತ್ತಿದ್ದವರು ತಿರುಗಿ ಕೂತರು. ಹೊರಗೆ ಹೊರಟಿದ್ದವರೊಬ್ಬರು ಬಾಗಿಲಲ್ಲೇ ನಿಂತರು. ಅಧ್ಯಕ್ಷರ ಕೈ ಗಂಟೆಯ ಹತ್ತಿರವೇ ಇತ್ತು, ಆದರೆ ಅವರೂ ಕತೆ ಕೇಳುತ್ತಿದ್ದರು.

"ಅಧ್ಯಕ್ಷ್ರೇ, ನಾನು ರೊಕ್ಕ ಕೇಳಾಕ ನಿಂತಿಲ್ಲ. ಒಂದು ಏಣಿ ಕೇಳಾಕ ನಿಂತೀನಿ. ನಿಮ್ಮ ಮನಿ ನೋಡೋರ ಕೈಯಾಗ ಒಂದು ಏಣಿ ಕೊಟ್ಟು ಕಳಸ್ರಿ. ಹತ್ತಿ ನೋಡ್ಲಿ, ಮ್ಯಾಲ ಮಣ್ಣೈತೋ ಸಿಮೆಂಟೈತೋ. ಗ್ವಾಡಿ ಎಷ್ಟು ಗಟ್ಟಿ ಇದ್ರೇನು, ಮನಷ್ಯಾ ಮಲಗೋದು ಮಾಳಿಗಿ ಕೆಳಗ."

ಗಂಟೆ ಬಡಿಯಿತು. ಸಾಹೇಬ್ರು ನಮಸ್ಕಾರ ಮಾಡಿ ಕೂತರು. ಎಲ್ಲ ಹೇಳಿ ಮುಗಿಸಿ ಕೂತಿದ್ದರು. ಬೆಂಚು ಕುಟ್ಟುವ ಸದ್ದು ಎರಡೂ ಕಡೆಯಿಂದ ಬಂತು. ರಾಜಾಸಾಬ ಬಾಯಿಂದ ಕೈ ತೆಗೆದು ಕಣ್ಣಿಗೆ ಒತ್ತಿಕೊಂಡ.

ಸಂಜೆ ಹೊರಗೆ ಕಾರುಗಳು ನಿಲ್ಲುವ ಕಡೆ ಕಾಯುತ್ತಿದ್ದಾಗ ರುಮಾಲಿನ ಮುದುಕರು ಸಾಹೇಬರ ಕೈ ಹಿಡಿದುಕೊಂಡೇ ಬಂದರು. ಇವರಿಗೆ ಅವರ ಮಾತು ಬಾರದು, ಅವರಿಗೆ ಇವರದು ಬಾರದು. ಮುದುಕರು ಕೈಯಿಂದ ಆಕಾಶದಲ್ಲಿ ಒಂದು ಮಾಳಿಗೆ ಎಳೆದು, ಅದರ ಮೇಲೆ ಮಣ್ಣು ಸುರಿದು, ಕಾಲಿನಿಂದ ಧಪ್ ಧಪ್ ಅಂತ ತುಳಿದು ತೋರಿಸಿದರು. ಸಾಹೇಬ್ರು ಪಂಚೆ ಎತ್ತಿಕಟ್ಟಿ ತಾವೂ ತುಳಿದರು. ದೇಶದ ಪಾರ್ಲಿಮೆಂಟಿನ ಮುಂದೆ ಇಬ್ಬರು ಮೆಂಬರುಗಳು ಎದುರುಬದುರು ನಿಂತು ಇಲ್ಲದ ಕರ್ಲು ತುಳಿಯುವುದನ್ನು ಪೊಲೀಸಿನವರು ಬೆಪ್ಪಾಗಿ ನೋಡುತ್ತಿದ್ದರು. ಇದನ್ನು ನಾನು ಇವತ್ತಿಗೂ ನಕಲಿ ಮಾಡಿಲ್ಲ. ಒಬ್ಬನಿಂದ ಆಗುವುದಿಲ್ಲ.

ಮಂತ್ರಿಗಳು ತಮ್ಮ ಉತ್ತರದಲ್ಲಿ, ಮನೆ ಪಕ್ಕಾ ಹೌದೋ ಅಲ್ಲವೋ ನೋಡುವಾಗ ಮೇಲ್ಛಾವಣಿಯನ್ನೂ ನೋಡಬೇಕೆಂಬ ಮಾತು ಸರಿಯಿದೆ ಅಂದರು. ಅದೊಂದು ಭಾಷಣದಿಂದಲೇ ಎಲ್ಲ ಬದಲಾಯಿತು ಅನ್ನುವಷ್ಟು ಗಿಣಿ ನಾನಲ್ಲ. ಆದರೆ ಮರುವರ್ಷ ಇಟ್ಟಿಗಿಗೆ ಬಂದವರು ಗೋಡೆ ತಟ್ಟಲಿಲ್ಲ. ಓಣಿಯ ಬಾಯಲ್ಲಿ ನಿಂತು "ಇಲ್ಲಿ ಯಾರ ಮನ್ಯಾಗ ಏಣಿ ಐತಿ?" ಅಂತ ಕೇಳಿದರು. ಇದನ್ನು ನನಗೆ ಹೇಳಿದವಳು ಹನುಮಕ್ಕ. ಹೇಳುವಾಗ ಏಣಿ ಅನ್ನುವ ಮಾತನ್ನು ಸಕ್ಕರೆಯ ಹಾಗೆ ಬಾಯಲ್ಲಿ ಇಟ್ಟುಕೊಂಡು ಹೇಳಿದಳು.

ಅವಳ ಮನೆಗೆ ಸಿಮೆಂಟಿನ ಮಾಳಿಗೆ ಬಿದ್ದ ಮೇಲೆ ಹೋಗಿದ್ದೆ. ಅಷ್ಟರಲ್ಲಿ ಆ ಪಾರ್ಲಿಮೆಂಟು ವರ್ಷ ತುಂಬಿದ ಬೆನ್ನಿಗೇ ಮುರಿದು, ಮುಂದಿನ ಚುನಾವಣೆಗೆ ಸಾಹೇಬರಿಗೆ ಟಿಕೆಟ್ಟೇ ಸಿಕ್ಕಿರಲಿಲ್ಲ. ಕಾರು ಮಾರಿದ್ದರು, ರಾಜಾಸಾಬ ಟೆಂಪೋ ಓಡಿಸುತ್ತಿದ್ದ. ಸಿಮೆಂಟು ಹದವಾಗಲೆಂದು ಹನುಮಕ್ಕನ ಹೊಸ ಮಾಳಿಗೆಯ ಮೇಲೆ ನೀರು ಕಟ್ಟಿದ್ದರು, ಅಂಚಿನಿಂದ ಹನಿ ತೊಟ್ಟ್ ತೊಟ್ಟ್ ಬೀಳುತ್ತಿತ್ತು.

"ಹೆಂಗೈತಿ ಹನುಮಕ್ಕ, ಹೊಸ ಮನಿ?"

"ಬ್ಯಾಸಿಗ್ಯಾಗ ಹಂಚಿನಂಗ ಕಾಯ್ತೈತೇನೋಪಾ. ಹಳೇದು ತಂಪಿತ್ತು" ಅಂದಳು. ಉಪಕಾರ ಒಪ್ಪಿಕೊಳ್ಳುವ ಜಾತಿಯವಳಲ್ಲ. "ಅದಿರ್ಲಿ ಗಿಣಿ, ದಿಲ್ಯಾಗ ಸಾಹೇಬ್ರು ನನ್ನ ಹೆಸ್ರು ತಗದ್ರಂತಲ್ಲ. ಹೆಂಗ ತಗದ್ರು? ಮಾಡಿ ತೋರ್ಸು."

ಅವಳನ್ನು ಹೊಸ್ತಿಲ ಮೇಲೆ ಕೂರಿಸಿದೆ. ಕೈಗೊಂದು ತಾಟು, ಒಂದು ಚಮಚ ಕೊಟ್ಟೆ. "ನೀನ ಅಧ್ಯಕ್ಷ್ರು. ಮಾತು ಉದ್ದ ಆದ್ರ ಬಾರಿಸು" ಅಂದೆ. ಓಣಿಯ ಜನ ನನ್ನ ಹಿಂದೆ ಬಂದು ಸೇರಿದರು. ನಗಲು ಸಿದ್ಧರಾಗಿಯೇ ಬಂದಿದ್ದರು, ಗಿಣಿ ಎಂಪಿಯನ್ನು ಮಾಡುತ್ತಾನಂತೆ ಅಂತ.

ಶುರುಮಾಡಿದೆ. ಕಲ್ಲು ಬಿಟ್ಟಿ ಸಿಗುವುದು ಹೇಳಿದೆ, ಗ್ವಾಡಿ ಹೇಳಿದೆ, ಮಣ್ಣು ಹೇಳಿದೆ. ಯಾರೂ ನಗಲಿಲ್ಲ. "ಇಟ್ಟಿಗಿ ಅಂತ ಒಂದು ಊರು. ಅಲ್ಲಿ ಹನುಮಕ್ಕ ಅಂತ ಒಬ್ಬಾಕಿ" ಅಂದಾಗ ಅಧ್ಯಕ್ಷರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಹೊರಗ ಜಿಟಿಜಿಟಿ ಮಳಿ. ಆಕಿ ಒಲಿ ಮುಂದ ಕುಂತು ರೊಟ್ಟಿ ಬಡೀಲಿಕತ್ತಾಳ." ಇಲ್ಲದ ಕನ್ನಡಕಕ್ಕೆ ಕೈ ಹೋಯಿತು. ನಿಂತೆ. ದಿಲ್ಲಿಯಲ್ಲಿ ಎಷ್ಟು ಹೊತ್ತು ಮೌನವಿತ್ತೋ ಅಷ್ಟೂ ಹೊತ್ತು ನಿಲ್ಲಬೇಕೆಂದು ನಿಂತೆ.

ಬೆನ್ನ ಹಿಂದೆ, ಓಣಿಯ ಜನರ ನಡುವಿನಿಂದ, ಬಸ್ಸಿಳಿದು ನಡೆದು ಬಂದ ಏದುಸಿರಿನ ಜತೆಗೆ ಒಂದು ದನಿ ಬಂತು.

"ಹೂಂ."

ಕಾನಹೊಸಹಳ್ಳಿಯಲ್ಲಿ ತಿರುಗಿ ನೋಡಿದ್ದೆ. ಈ ಸಲ ನೋಡಲಿಲ್ಲ. ಆ ದನಿ ಯಾರದು ಅಂತ ಐದು ತಾಲೂಕಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮುಂದಕ್ಕೆ ಹೇಳಿದೆ.